ಖಾಲಿ ಜಾಗಕ್ಕೆ ಪಾಠ ಹೇಳಿಸಿದವರು

ಹೋದ ವಾರ ರೊಳ್ಳದಿಂದ ಮಡಕಶಿರಾಕ್ಕೆ ಬರುವ ಬಸ್ಸಿನಲ್ಲಿ ಕುರಿಯವನೊಬ್ಬ ನನ್ನ ಪಕ್ಕದ ಸೀಟಿಗೆ ಬಂದು ಕೂತ. ರತ್ನಗಿರಿ ಕಡೆ ಮಳೆ ಬಿದ್ದಿತ್ತು, ಅವನ ಹೆಗಲ ಮೇಲಿನ ಕಂಬಳಿ ನೆನೆದಿತ್ತು. ನೆನೆದ ಕಂಬಳಿಯ ವಾಸನೆ ಗೊತ್ತಲ್ಲ... ಉಣ್ಣೆ, ಹಿಕ್ಕೆ, ಒಲೆಯ ಹೊಗೆ ಎಲ್ಲ ಸೇರಿದ ವಾಸನೆ. ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನಂತೂ ಇಳಿಯಬೇಕಾದ ಊರು ಇನ್ನೂ ದೂರವಿದ್ದರೂ ಕಂಡಕ್ಟರನಿಗೆ ಹೇಳಿ ದಾರಿಯಲ್ಲೇ ಇಳಿದುಬಿಟ್ಟೆ. ಆಟೋಕ್ಕೆ ಕಾಯುತ್ತ ನಿಂತಾಗ, ಬೇಡ ಬೇಡವೆಂದರೂ ನೆನಪಿಗೆ ಬಂದವರು ನಮ್ಮ ದೊಡ್ಡ ಸರ್.

ಹೆಸರು ಹೇಳುವುದು ಬೇಡ. ಊರವರೆಲ್ಲ ಅವರನ್ನು ದೊಡ್ಡ ಸರ್ ಅನ್ನುತ್ತಿದ್ದರು. ನಾನು ಹೋಗಿ ಸೇರಿದ ಮೇಲೆ ನಾನು ಸಣ್ಣ ಟೀಚರಾದೆ. ಹದಿನೈದು ವರ್ಷವಾದರೂ ಆಗಿರಬೇಕು. ರಾಯದುರ್ಗದಿಂದ ಬಸ್ಸಿನಲ್ಲಿ ಹೋಗಿ, ಆಮೇಲೆ ಆಟೋ ಹಿಡಿದು, ಹಗರಿ ಹೊಳೆಯ ಮರಳಿನ ಅಂಚಿಗೆ ಇಳಿದರೆ ಆ ಊರು. ಒಂದು ಕಡೆ ಕಣೇಕಲ್ಲು, ಇನ್ನೊಂದು ಕಡೆ ಬೆಳುಗುಪ್ಪ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ, ಎರಡು ಕೋಣೆ, ಪಾಠ ಮಾಡಲು ನಾವಿಬ್ಬರೇ. ಮಡಕಶಿರಾ ಕಡೆಯವಳಾದ ನನ್ನ ಮಾತು ಕೇಳಿ ಮಕ್ಕಳು ಮೊದಲ ವಾರವೆಲ್ಲ ನಕ್ಕರು. ‘ಇಲ್ಲಿ ಕೂತ್ಕ ಕಣಮ್ಮಿ’ ಎಂದು ನಾನು ಯಾರಿಗಾದರೂ ಹೇಳಿದರೆ ಹಿಂದಿನ ಸಾಲಿನಲ್ಲಿ ಕಿಸಕ್ಕೆನ್ನುತ್ತಿದ್ದರು.

ನಾನು ತರಬೇತಿ ಮುಗಿಸಿ ಬಿಸಿಬಿಸಿಯಾಗಿ ಬಂದವಳು. ಟ್ರಂಕಿನಲ್ಲಿ ಸೀರೆಗಿಂತ ನೋಟ್ಸೇ ಹೆಚ್ಚಿತ್ತು. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ, ಮಾಡಿ ಕಲಿಯುತ್ತದೆ, ಶಿಕ್ಷಕರು ತುಂಬುವವರಲ್ಲ, ದಾರಿ ಮಾಡಿಕೊಡುವವರು... ಇವನ್ನೆಲ್ಲ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಕ್ಲಾಸಿಗೆ ಕಾಲಿಟ್ಟ ಮೂರನೇ ದಿನಕ್ಕೆ ಬೆತ್ತ ಹುಡುಕತೊಡಗಿದ್ದೆ ಅನ್ನುವುದು ಬೇರೆ ಮಾತು. ದೊಡ್ಡ ಸರ್ ಬಾಯಲ್ಲಿ ಯಾವ ಚಿಂತಕರ ಹೆಸರೂ ಬರುತ್ತಿರಲಿಲ್ಲ. ಒಮ್ಮೆ ಜಂಬದಿಂದ ನನ್ನ ನೋಟ್ಸು ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಛಲೋ ಬರದೀರಿ. ಮಾಡಿ ನೋಡೀರೇನು?" ಎಂದು ಕೇಳಿ ವಾಪಸು ಕೊಟ್ಟರು.

ನನಗೆ ಮೈ ಉರಿಯಿತು. ಆದರೆ ಅವರು ಮಾಡುತ್ತಿದ್ದರು, ಅದೇ ಕಷ್ಟ. ಅವರ ಪದ್ಧತಿಗಳು ಎರಡು. ಮೊದಲನೆಯದು, ಯಾವ ಮಗುವಿಗೂ ‘ತಪ್ಪು’ ಅನ್ನುತ್ತಿರಲಿಲ್ಲ. ತಪ್ಪು ಲೆಕ್ಕ ಬೋರ್ಡಿನ ಮೇಲೆ ಹಾಗೇ ಇರುತ್ತಿತ್ತು, ಮೂರು ದಿನ, ನಾಲ್ಕು ದಿನ. ಮಾಡಿದ ಮಗುವೇ ಒಂದು ದಿನ ಎದ್ದು ಹೋಗಿ ಒರೆಸಬೇಕು. ಅಲ್ಲಿಯವರೆಗೆ ಅವರು ಕಾಯುತ್ತಿದ್ದರು. ತಪ್ಪು ನಾವು ಹೇಳಿದರೆ ನಮ್ಮದು, ಅವರೇ ಕಂಡರೆ ಅವರದು ಅನ್ನುತ್ತಿದ್ದರು.

ಎರಡನೆಯದು ಖಾಲಿ ಜಾಗ. ದಿನಾ ಕೊನೆಯ ಗಂಟೆಗೆ ಮುಂಚೆ ಒಬ್ಬ ಹುಡುಗನೋ ಹುಡುಗಿಯೋ ಎದ್ದು, ಅಂದು ಬಾರದಿದ್ದವರ ಜಾಗದ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಅಂದಿನ ಪಾಠವನ್ನು ಆ ಜಾಗಕ್ಕೆ ಹೇಳಬೇಕು. ನೆಲಕ್ಕಲ್ಲ, ಅಲ್ಲಿ ಕೂರುವ ಮಗುವಿಗೆ, ಅದರ ಹೆಸರು ಹಿಡಿದು. ಆ ಹೊತ್ತಿನಲ್ಲಿ ದೊಡ್ಡವರು ಯಾರೂ ಕೋಣೆಯಲ್ಲಿ ಇರುವಂತಿಲ್ಲ. ಅವರು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು, ನನ್ನನ್ನೂ ಕರೆಯುತ್ತಿದ್ದರು.

"ನಾವು ಕೇಳಿದ್ರ ಅದು ಪರೀಕ್ಷೆ ಆಗತೈತ್ರಿ. ಗೊತ್ತಿಲ್ಲದವರಿಗೆ ಹೇಳಿದ್ರನ ಪಾಠ," ಅನ್ನುತ್ತಿದ್ದರು.

ಯೋಚಿಸಿ ನೋಡಿದರೆ ನನ್ನ ನೋಟ್ಸಿನಲ್ಲಿದ್ದದ್ದೂ ಇದೇ. ಕಲಿಸುವವನೇ ಕಲಿಯುತ್ತಾನೆ ಎಂದು ಬರೆದಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆದರೆ ಅಲ್ಲಿ ಖಾಲಿ ನೆಲಕ್ಕೆ ಕಲಿಸು ಎಂದಿರಲಿಲ್ಲ. ನನಗದು ಮುದುಕರ ಹುಚ್ಚಾಟವೆನಿಸುತ್ತಿತ್ತು.

ಆ ಜಾಗ ಹೆಚ್ಚಿನ ದಿನಗಳಲ್ಲಿ ಒಬ್ಬಳದೇ ಆಗಿರುತ್ತಿತ್ತು. ಐದನೇ ಕ್ಲಾಸಿನ ಕುರಿಯವರ ಹುಡುಗಿ. ಕಿಟಕಿ ಪಕ್ಕ, ಗೋಡೆಗೆ ಒರಗಿ ಕೂರುವವಳು. ಬಿತ್ತನೆ ಶುರುವಾದರೆ ಊರಲ್ಲಿ ಮೇವಿಗೆ ಜಾಗವಿಲ್ಲದೆ ಅವರ ಮಂದೆ ಹೊಳೆಯ ಗುಂಟ ಸಿರುಗುಪ್ಪದ ಕಡೆ ನಡೆಯುತ್ತಿತ್ತು, ಮನೆಯವರೆಲ್ಲ ಜೊತೆಗೆ. ದಸರೆಯ ಹೊತ್ತಿಗೆ ಬರುವರು, ಭತ್ತದ ಕೊಯ್ಲು ಮುಗಿದರೆ ಮತ್ತೆ ಹೊರಡುವರು. ಅವಳಿಗೆ ಓದಿನ ಮೇಲೆ ಆಸೆಯೆಂದರೆ ಆಸೆ. ಅವಳಪ್ಪ ದೊಡ್ಡ ಸರ್ ಎದುರು ಒಂದು ಮಾತು ಕೊಟ್ಟಿದ್ದ: ಐದನೇ ಕ್ಲಾಸಿನ ಪರೀಕ್ಷೆ ಬರೆದು ಪಾಸಾದರೆ ರಾಯದುರ್ಗದ ಹಾಸ್ಟೆಲಿಗೆ ಬಿಡುತ್ತೇನೆ, ಇಲ್ಲದಿದ್ದರೆ ಜೀವನಪೂರ್ತಿ ಕುರಿ ಹಿಂದೆ. ಅವಳ ಪಾಲಿಗೆ ಆ ವರ್ಷದ ಪರೀಕ್ಷೆಯೊಂದೇ ಬಾಗಿಲು. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ...

ಮೊದಲ ಸಲ ಮೈ ಜುಮ್ಮೆಂದದ್ದು ಆಷಾಢದಲ್ಲಿ, ಅವರ ಮಂದೆ ಆಗಲೇ ಹೊರಟುಹೋಗಿತ್ತು. ಆ ಊರಲ್ಲಿ ಗಾಳಿ ಬಂತೆಂದರೆ ಹೊಳೆಯ ಮರಳೆಲ್ಲ ಕೋಣೆಯೊಳಗೆ. ಬೆಳಿಗ್ಗೆ ಬಂದ ಮಕ್ಕಳು ತಮ್ಮ ತಮ್ಮ ಜಾಗವನ್ನು ಅಂಗೈಯಿಂದ ಒರೆಸಿಕೊಂಡು ಕೂರುತ್ತಿದ್ದರು. ಒಂದು ದಿನ ಎಲ್ಲರಿಗಿಂತ ಮುಂಚೆ ನಾನೇ ಬಾಗಿಲು ತೆಗೆದೆ. ನೆಲದ ತುಂಬ ಮರಳು. ಕಿಟಕಿ ಪಕ್ಕ, ಗೋಡೆಯ ಬುಡದಲ್ಲಿ, ಒಂದು ಮಗು ಕೂರುವಷ್ಟು ನೆಲ ಮಾತ್ರ ಒರೆಸಿಟ್ಟ ಹಾಗೆ ಸ್ವಚ್ಛ. ಗಾಳಿ ಆ ಮೂಲೆಗೆ ತಾಗುವುದಿಲ್ಲವೇನೋ ಎಂದುಕೊಂಡೆ. ಅಂದುಕೊಂಡೆ, ಆದರೆ ಮಕ್ಕಳು ಬರುವವರೆಗೆ ಒಳಗೆ ಹೋಗಲಿಲ್ಲ, ಹೊಸ್ತಿಲಲ್ಲೇ ನಿಂತೆ.

ಅಂದು ಸಂಜೆ ಬೇವಿನ ಮರದ ಕೆಳಗಿನಿಂದ ಮೆಲ್ಲಗೆ ಕಿಟಕಿಯ ಹತ್ತಿರ ಸರಿದೆ. ದೊಡ್ಡ ಸರ್ ನೋಡಿದರು, ಬೇಡ ಎಂದು ತಲೆಯಾಡಿಸಿದರು. ನಾನು ಕೇಳಲಿಲ್ಲ. ಒಳಗೆ ನಾಲ್ಕನೇ ಕ್ಲಾಸಿನ ಹುಡುಗಿ ಭಾಗಾಕಾರ ಹೇಳುತ್ತಿದ್ದಳು. ನಡುವೆ ನಿಲ್ಲಿಸಿದಳು. ಸುಮ್ಮನೆ ಕೂತು ಏನನ್ನೋ ಕೇಳಿಸಿಕೊಂಡಳು. ಆಮೇಲೆ, "ಇಲ್ಲ, ಹಂಗಲ್ಲ. ಇನ್ನೊಂದ್ ಸಲ ಹೇಳತೀನಿ ನೋಡು," ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಕಿಟಕಿಯಿಂದ ನೆನೆದ ಕಂಬಳಿಯ ವಾಸನೆ ಬರುತ್ತಿತ್ತು. ಆ ದಿನ ಮಳೆ ಇರಲಿಲ್ಲ, ಕ್ಲಾಸಿನಲ್ಲಿ ಯಾರ ಹತ್ತಿರವೂ ಕಂಬಳಿ ಇರಲಿಲ್ಲ.

ಅದೇ ತಿಂಗಳು ನಾನೊಂದು ಎಡವಟ್ಟು ಮಾಡಿದೆ. ನಕಾಶೆಯ ಪಾಠಕ್ಕೆ ಪುಸ್ತಕ ಬೇಡ, ಮಾಡಿ ಕಲಿಯಲಿ ಎಂದು ಹುಮ್ಮಸ್ಸಿನಿಂದ ನೆಲದ ಮರಳಿನ ಮೇಲೇ ಊರು, ಗುಡ್ಡ, ಹೊಳೆ ಎಲ್ಲ ಬರೆಸಿದೆ. ಹೊಸಬಳಾದ ನನಗೆ ಆ ಊರಿನ ದಿಕ್ಕು ಕೂತಿರಲಿಲ್ಲ. ಉತ್ತರವನ್ನು ತಿರುವುಮುರುವು ಹಿಡಿದೆ. ಹಗರಿ ಸಿರುಗುಪ್ಪದ ಕಡೆಯಿಂದ ನಮ್ಮ ಕಡೆಗೆ ಹರಿದು ಬರುತ್ತದೆ ಎಂದು ಬಾಣದ ಗುರುತು ಹಾಕಿಸಿದೆ. ದೊಡ್ಡ ಸರ್ ಬಾಗಿಲಲ್ಲಿ ನಿಂತು ನೋಡಿದರು, ಏನೂ ಅನ್ನಲಿಲ್ಲ. ಸಂಜೆ ಒಬ್ಬ ಹುಡುಗ ಅದನ್ನೇ ಖಾಲಿ ಜಾಗಕ್ಕೆ ಹೇಳಿದ. ನಾಲ್ಕನೇ ದಿನ ಹೊಳೆದಂಡೆಯ ಹೊಲದವರ ಹುಡುಗಿ ಕೈ ಎತ್ತಿದಳು: "ಟೀಚರ್, ಹೊಳಿ ಆ ಕಡೀಗೆ ಹೋಗತೈತ್ರಿ. ನಮ್ಮ ಹೊಲದ ಮುಂದನ ಹರೀತೈತಿ, ದಿನಾ ನೋಡತೀನಿ." ನಾನು ನಾಚಿಕೊಂಡು ತಿದ್ದಿದೆ. ದೊಡ್ಡ ಸರ್ ಕಣ್ಣಲ್ಲೇ ನಕ್ಕರು. ತಿದ್ದಿದ್ದನ್ನು ಖಾಲಿ ಜಾಗಕ್ಕೆ ಹೇಳಿಸುವುದು ಯಾರಿಗೂ ನೆನಪಾಗಲಿಲ್ಲ.

ದಸರೆ ಕಳೆದ ಮೇಲೆ ಹುಡುಗಿ ಬಂದಳು. ಕಪ್ಪಾಗಿದ್ದಳು, ತೆಳ್ಳಗಾಗಿದ್ದಳು. ದೊಡ್ಡ ಸರ್ ಭಾಗಾಕಾರ ಕೊಟ್ಟರೆ ದಿನಾ ಬಂದವರೆಲ್ಲರಿಗಿಂತ ಚೆನ್ನಾಗಿ ಮಾಡಿದಳು. ನನಗೆ ಅನುಮಾನ. ಊರನ್ನು, ಹೊಳೆಯನ್ನು ಬರೆದು ತೋರಿಸು ಅಂದೆ. ಮರಳಿನ ಮೇಲೆ ಬೆರಳಿನಿಂದ ಬರೆದಳು. ಗುಡ್ಡ ಸರಿ, ಕಣೇಕಲ್ಲಿನ ಕೆರೆ ಸರಿ. ಹೊಳೆ ಮಾತ್ರ ಸಿರುಗುಪ್ಪದ ಕಡೆಯಿಂದ ನಮ್ಮ ಕಡೆಗೆ ಹರಿಯುತ್ತಿತ್ತು, ನಾನು ಹಾಕಿಸಿದ್ದ ಅದೇ ಬಾಣದ ಗುರುತು.

"ಯಾರು ಹೇಳಿಕೊಟ್ಟರು?" ಎಂದು ಕೇಳಿದೆ.

"ಇಲ್ಲೇ ಹೇಳಿದ್ರಲ್ರೀ ಟೀಚರ್," ಅಂದಳು.

"ಮೂರು ತಿಂಗಳು ಅದರ ದಡದಲ್ಲೇ ನಡೆದಿದ್ದೀಯಲ್ಲ, ನೀರು ಯಾವ ಕಡೆ ಹೋಗುತ್ತೆ ಅಂತ ನೋಡಲಿಲ್ವ?"

"ನೋಡಿದ್ದು ಬ್ಯಾರೆ ಇತ್ರಿ. ಆದ್ರ ಸಾಲ್ಯಾಗ ಹಿಂಗ ಹೇಳಿದ್ರಿ."

ಅಂದು ಹೆದರಿದೆ, ಸುಳ್ಳು ಹೇಳುವುದಿಲ್ಲ. ಹೇಗೆ ತಿಳಿಯಿತು ಅನ್ನುವುದಕ್ಕಿಂತ, ಕಣ್ಣಿನಿಂದ ಕಂಡದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದ್ದಳಲ್ಲ, ಅದು ಹೆಚ್ಚು ಹೆದರಿಸಿತು. ಊರಿನಿಂದ ಯಾರೋ ಮಂದೆಯ ಹತ್ತಿರ ಹೋದಾಗ ಹೇಳಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ದೊಡ್ಡ ಸರ್‌ಗೆ ಕೇಳಿದರೆ, "ಹೇಳಿದ್ದು ಎಲ್ಲಿಗಾದ್ರೂ ಹೋಗಲೇಬೇಕಲ್ರಿ," ಎಂದು ಹಾಜರಿ ಪುಸ್ತಕ ತೆಗೆದರು. ಅವರಿಗದು ದೊಡ್ಡ ವಿಷಯವೇ ಅಲ್ಲ.

ಕೊಯ್ಲು ಮುಗಿದು ಮಂದೆ ಮತ್ತೆ ಹೊರಟಿತು. ಶಿವರಾತ್ರಿಯ ಹೊತ್ತಿಗೆ ಬಂದೇ ಬರುತ್ತೇನೆ, ಪರೀಕ್ಷೆಗೆ ಓದಬೇಕು ಎಂದು ಹುಡುಗಿ ನನ್ನ ಕೈ ಹಿಡಿದು ಹೇಳಿ ಹೋದಳು. ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನ ಇದ್ದಾಗ ಶಾಲೆ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಅವತ್ತು ದೊಡ್ಡ ಸರ್ ರಜೆ. ಬಂದವರು ತೆಲುಗಿನಲ್ಲಿ "ಈ ಪಾಪ ಎಕ್ಕಡಮ್ಮಾ?" ಈ ಹುಡುಗಿ ಎಲ್ಲಮ್ಮ ಎಂದು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಬೆರಳಿಟ್ಟರು. ಬರುತ್ತಾಳೆ ಅಂದೆ. ಯಾವಾಗ ಅಂದರು. ಮಕ್ಕಳ ಮುಂದೆ ತಡವರಿಸಿದೆ. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು, ಆದರೆ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಅಷ್ಟು ಸಾಕಿತ್ತು ನನಗೆ.

ಎಲ್ಲರೂ ಹೋದ ಮೇಲೆ ಕಿಟಕಿ ಮುಚ್ಚಲು ಒಳಗೆ ಹೋದೆ. ಬಿಸಿಲು ಇನ್ನೂ ಇತ್ತು. ಅಡುಗೆಯವಳು ಪಾತ್ರೆ ತೊಳೆದಿಟ್ಟು ಆಗಲೇ ಮನೆಗೆ ಹೋಗಿದ್ದಳು. ಕಿಟಕಿ ಮುಚ್ಚಿದ ಕೂಡಲೇ ಆ ವಾಸನೆ ಬಂತು. ಸಿಟ್ಟು ನೆತ್ತಿಗೇರಿತು. ಆ ಜಾಗದ ಎದುರು ಚಕ್ಕಳಮಕ್ಕಳ ಹಾಕಿ ಕೂತೆ, ಮಕ್ಕಳು ಕೂರುವ ಹಾಗೇ. ಅವಳ ಹೆಸರು ಹಿಡಿದೆ. "ನೀನಿನ್ನು ಬರ್ಬ್ಯಾಡ ಕಣಮ್ಮಿ. ನೀನ್ ಬರ್ದಿದ್ರೇನೆ ನಂಗೆ ನೆಮ್ದಿ," ಅಂದೆ.

ಅಷ್ಟೇ. ಎದ್ದು ಸೀರೆ ಕೊಡವಿಕೊಂಡು ಬೀಗ ಹಾಕಿದೆ. ಆಟೋದಲ್ಲಿ ಕೂತಾಗ ನಗುವೂ ಬಂತು, ನೆಲದ ಮೇಲೆ ಸಿಟ್ಟು ತೀರಿಸಿಕೊಂಡೆನಲ್ಲ ಎಂದು.

ಮರುದಿನ ಬೆಳಿಗ್ಗೆ ಮಕ್ಕಳು ಒಳಗೆ ಹೋದವರು ಹಾಗೇ ನಿಂತಿದ್ದರು. ಕಿಟಕಿ ಪಕ್ಕದ ಆ ಜಾಗದ ಮೇಲೂ ಎಲ್ಲ ಕಡೆ ಇರುವಷ್ಟೇ ಮರಳಿತ್ತು. ಭಾಗಾಕಾರ ಹೇಳುತ್ತಿದ್ದ ಆ ಪುಟ್ಟ ಹುಡುಗಿ ನನ್ನ ಕಡೆ ತಿರುಗಿ, "ಟೀಚರ್, ಅಕಿ ಇವತ್ತು ಬಂದಿಲ್ರಿ," ಅಂದಳು.

ಎರಡು ತಿಂಗಳಿಂದ ಊರಲ್ಲೇ ಇರದ ಹುಡುಗಿ. ಇವತ್ತು ಬಂದಿಲ್ಲವಂತೆ. ಸಂಜೆ ಪಾಠ ಹೇಳುವ ಸರದಿಯವನು ಆ ಜಾಗದ ಎದುರು ಕೂರಲೇ ಇಲ್ಲ. ಯಾಕೋ ಎಂದು ದೊಡ್ಡ ಸರ್ ಕೇಳಿದರೆ, "ಯಾರೂ ಇಲ್ರಿ ಅಲ್ಲಿ," ಅಂದ. ಉಳಿದವರೂ ತಲೆ ತಗ್ಗಿಸಿದರು. ದೊಡ್ಡ ಸರ್ ಖಾಲಿ ಜಾಗ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತು. "ಗಾಳಿ ಜಾಸ್ತಿ ಇತ್ತಲ್ಲ ಸರ್," ಎಂದೆ. ಅವರು ಗಾಳಿಯ ವಿಷಯ ಕೇಳಿಯೇ ಇರಲಿಲ್ಲ.

ಶಿವರಾತ್ರಿ ಬಂತು, ಹೋಯಿತು. ಹುಡುಗಿ ಬರಲಿಲ್ಲ. ದೊಡ್ಡ ಸರ್ ಮೂರು ದಿನ ರಜೆ ಹಾಕಿ ಎಲ್ಲಿಗೋ ಹೋದರು. ವಾಪಸು ಬಂದಾಗ ಚಪ್ಪಲಿ ಕಿತ್ತುಹೋಗಿತ್ತು, ಪ್ಯಾಂಟಿನ ಅಂಚಿಗೆ ಮುಳ್ಳು, ಕೆಸರು. ಕುರಿಯವರು ಸಿಕ್ಕರಾ ಎಂದು ಕೇಳಿದೆ. "ಸಿಕ್ಕಿದ್ರು," ಎಂದಷ್ಟೇ ಹೇಳಿ ನೀರು ಕುಡಿದರು.

ಅಲ್ಲಿಂದ ಮುಂದೆ ಒಂದು ಹೊಸ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ನನಗಿಂತ ಮುಂಚೆ ಬಂದು ಜಗಲಿಯ ಮೇಲೆ ಕೂತಿರುತ್ತಿದ್ದರು. ಹುರಿದ ಶೇಂಗಾದ ಪೊಟ್ಟಣ ಬಿಚ್ಚಿ ನಡುವೆ ಇಡುತ್ತಿದ್ದರು. ನಾನು ಕೂರುತ್ತಿದ್ದೆ. ಶೇಂಗಾ ಸುಲಿಯುತ್ತ, "ಏನರ ಹೇಳೋದೈತೇನ್ರಿ?" ಅನ್ನುತ್ತಿದ್ದರು. ಪಾಠಯೋಜನೆ ಬರೆದಿಲ್ಲವೆಂದು ಕುಟುಕುತ್ತಿದ್ದಾರೆ ಅಂದುಕೊಂಡೆ. "ಇಲ್ಲ ಸರ್, ಎಲ್ಲ ಬರೆದಾಗಿದೆ," ಎನ್ನುತ್ತಿದ್ದೆ. ತಲೆಯಾಡಿಸಿ ಗಂಟೆ ಹೊಡೆಯಲು ಏಳುತ್ತಿದ್ದರು. ಮರುದಿನ ಮತ್ತೆ ಶೇಂಗಾ, ಮತ್ತೆ ಅದೇ ಮಾತು. ನಿಜ ಹೇಳಬೇಕೆಂದರೆ ಎರಡು ಮೂರು ಸಲ ನಾಲಿಗೆಯ ತುದಿಗೆ ಬಂದಿತ್ತು. ಖಾಲಿ ನೆಲಕ್ಕೆ ಬೈದೆ ಎಂದು ಹೇಗೆ ಹೇಳುವುದು? ನಗುತ್ತಾರೆ ಎಂದು ನುಂಗಿಕೊಂಡೆ.

ಪರೀಕ್ಷೆ ನಡೆಯಿತು. ಹುಡುಗಿಯ ಪ್ರಶ್ನೆಪತ್ರಿಕೆ ಉಳಿಯಿತು. ಆ ದಿನದಿಂದ ದೊಡ್ಡ ಸರ್ ಜಗಲಿಗೆ ಶೇಂಗಾ ತರಲಿಲ್ಲ. ಮುಂದಿನ ವರ್ಷ ಖಾಲಿ ಜಾಗಕ್ಕೆ ಪಾಠ ಹೇಳಿಸುವುದನ್ನು ನಿಲ್ಲಿಸಿದರು. ನಾನೂ ಯಾಕೆ ಎಂದು ಕೇಳಲಿಲ್ಲ. ಆಮೇಲೆ ನನಗೆ ಮಡಕಶಿರಾ ಕಡೆಗೆ ವರ್ಗವಾಯಿತು.

ಎರಡು ವರ್ಷದ ಹಿಂದೆ ರಾಯದುರ್ಗದಲ್ಲಿ ಶಿಕ್ಷಕರ ತರಬೇತಿ. ತತ್ವಗಳನ್ನು ಕ್ಲಾಸಿನಲ್ಲಿ ಹೇಗೆ ಬಳಸಿದ್ದೀರಿ, ಒಂದು ಅನುಭವ ಹೇಳಿ ಎಂದು ನನ್ನನ್ನು ಎಬ್ಬಿಸಿದರು. ಬಾಯಿಗೆ ಬಂದದ್ದು ದೊಡ್ಡ ಸರ್ ಪದ್ಧತಿಯೇ. ಹುಡುಗಿಯ ಸುದ್ದಿ ಎತ್ತದೆ ಹೇಳಿದೆ. ಜೋರಾಗಿ ಚಪ್ಪಾಳೆ ತಟ್ಟಿದರು, ಯಾರೋ ಬರೆದುಕೊಂಡರು. ಕೂತ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಊಟದ ಬಿಡುವಿನಲ್ಲಿ ಹೊರಬಿದ್ದು ಗುಡ್ಡದ ಕೆಳಗಿನ ಓಣಿಯಲ್ಲಿ ಅವರ ಮನೆ ವಿಚಾರಿಸಿಕೊಂಡು ಹೋದೆ.

ಕಣ್ಣು ಮಂದವಾಗಿತ್ತು. ದನಿಯಿಂದ ಗುರುತು ಹಿಡಿದರು. "ಸಣ್ಣ ಟೀಚರು ಬಂದೀರೇನು? ಕುಂದರ್ರಿ," ಅಂದರು. ಕುರ್ಚಿಯ ತುದಿಯಲ್ಲಿ ಕೂತು, ಅಂದು ಸಂಜೆ ಮುಚ್ಚಿದ ಕೋಣೆಯಲ್ಲಿ ಆ ಜಾಗಕ್ಕೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿಬಿಟ್ಟೆ. ಹೇಳುವಾಗ ಅಳು ಬಂತು.

"ಗೊತ್ತಿತ್ರಿ," ಅಂದರು. "ಸಿರುಗುಪ್ಪದ ಆ ಕಡೆ ಮಂದಿ ಹತ್ರ ಹೋಗಿದ್ನಲ್ಲ, ಅವತ್ತ ಗೊತ್ತಾತು. ಅವರಪ್ಪ ಒಪ್ಪಿದ್ದ, ಕರಕೊಂಡು ಹೋಗ್ರಿ ಅಂದ. ಅಕೀನ ಬರಲಿಲ್ಲ. ಸಣ್ಣ ಟೀಚರು ಬರಬ್ಯಾಡ ಅಂದಾರ್ರಿ ಅಂದ್ಲು. ಯಾವಾಗ ಅಂದ್ರು ಅಂದೆ. ಎಲ್ಲರೂ ಹೋದ ಮ್ಯಾಲ, ಕಿಟಕಿ ಮುಚ್ಚಿ ಅಂದಾರ, ಕಣಮ್ಮಿ ಅಂತ ಕರೆದು ಅಂದಾರ, ಅಂದ್ಲು."

ಓಣಿಯಲ್ಲಿ ಯಾರದೋ ಸ್ಕೂಟರು ಹೋಯಿತು. ನೀವು ಕರೆಯಲಿಲ್ಲವೇ ಎಂದು ಕೇಳಿದೆ.

"ಕರದೆ. ಅವರ ಹೇಳಬೇಕ್ರಿ, ಬಾ ಅಂತ ಅವರ ಹೇಳಿದ್ರ ಬರತೀನಿ, ಅಂದ್ಲು."

"ನನಗೆ ಯಾಕೆ ಹೇಳಲಿಲ್ಲ ಸರ್? ಒಂದು ಮಾತು ಹೇಳಿದ್ದರೆ ಅವತ್ತೇ ಓಡಿಹೋಗಿ ಕರೆದುಕೊಂಡು ಬರುತ್ತಿದ್ದೆನಲ್ಲ!" ನಾನು ಹೆಚ್ಚುಕಡಿಮೆ ಕಿರುಚಿದೆ.

ಅವರು ಮೊಣಕಾಲಿನ ಮೇಲಿನ ಪಂಚೆಯನ್ನು ಸವರುತ್ತ ಕೂತಿದ್ದರು. "ನೀವಾಗೇ ಹೇಳತೀರಿ ಅಂತ ಕಾದೆ. ಮಕ್ಕಳು ಮೂರು ದಿನ, ನಾಕು ದಿನಕ್ಕ ಹೇಳತಿದ್ರಲ್ರಿ... ಪರೀಕ್ಷೆ ಹಿಂದಿನ ದಿನದ ತನಕ ಕಾದೆ." ಆಮೇಲೆ, "ತಪ್ಪಾತ್ರಿ," ಅಂದರು.

ಅವರ ಬಾಯಿಂದ ಆ ಮಾತು ಅದೇ ಮೊದಲು ಕೇಳಿದ್ದು. ಯಾರ ತಪ್ಪು ಎಂದು ನಾನು ಕೇಳಲಿಲ್ಲ. ಆ ಹುಡುಗಿ ಆ ಕಡೆಯೇ ಉಳಿದಳಂತೆ, ಮಂದೆಯ ಹಿಂದೆ. ಈಗ ಎಲ್ಲಿದ್ದಾಳೆ ಅವರಿಗೂ ಗೊತ್ತಿರಲಿಲ್ಲ.

ದೊಡ್ಡ ಸರ್ ಹೋದ ವರ್ಷ ತೀರಿಕೊಂಡರು. ಸುದ್ದಿ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಅವರ ಹಾಗೆ ಕಲಿಸಿದವರನ್ನು ನಾನು ಮತ್ತೆ ಕಂಡಿಲ್ಲ, ಅವರ ಮೇಲಿನ ಸಿಟ್ಟೂ ಇನ್ನೂ ಹೋಗಿಲ್ಲ. ಇಬ್ಬರೂ ಒಂದೇ ಜಗಲಿಯ ಮೇಲೆ ಶೇಂಗಾ ಸುಲಿಯುತ್ತ ಕೂತು ಒಂದು ಮಗುವನ್ನು ಕಳೆದೆವು.

ಈಗ ರತ್ನಗಿರಿ ಹತ್ತಿರದ ಊರಿನಲ್ಲಿ ನಾನೇ ದೊಡ್ಡ ಟೀಚರು. ಮಕ್ಕಳು ತಪ್ಪು ಮಾಡಿದರೆ ಅಲ್ಲೇ ಹೇಳಿಬಿಡುತ್ತೇನೆ, ನನ್ನ ತಪ್ಪನ್ನೂ ಅಲ್ಲೇ ಒಪ್ಪಿಕೊಳ್ಳುತ್ತೇನೆ. ಯಾರಾದರೂ ಬರದ ದಿನ ಉಳಿದವರನ್ನು ಒತ್ತಿ ಒತ್ತಿ ಕೂರಿಸುತ್ತೇನೆ, ನಡುವೆ ಜಾಗ ಬಿಡುವುದಿಲ್ಲ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕಿಟಕಿ ಮುಚ್ಚಲು ನಾನೇ ಹೋಗುತ್ತೇನೆ. ಆ ಹೊತ್ತಿನಲ್ಲಿ ಯಾರು ಹೊರಗಿನಿಂದ ಕೂಗಿದರೂ, ಅಂಗಳಕ್ಕೆ ಬರುವವರೆಗೆ ಬಾಯಿ ಬಿಡುವುದಿಲ್ಲ.